ಪಲ್ಸ್ ಅಂದರೆ ಹೊತ್ತಿನ ಲೆಕ್ಕ

ಎಲೆಕ್ಟ್ರಾನಿಕ್ಸ್ ಅಂದ ಕೂಡಲೇ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಕೇಳುತ್ತೇವೆ. ಪಲ್ಸ್ ಸರ್ಕ್ಯೂಟಿನಲ್ಲಿ ಕೇಳಬೇಕಾದ್ದು ಎಷ್ಟು ಹೊತ್ತು ಅಂತ. ವೋಲ್ಟೇಜ್ ಥಟ್ಟನೆ ಏರುತ್ತದೆ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ, ಮತ್ತೆ ಥಟ್ಟನೆ ಇಳಿಯುತ್ತದೆ. ಅಷ್ಟೇ, ಅದೇ ಒಂದು ಪಲ್ಸ್. ಎತ್ತರ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ಟಿವಿ ರಿಮೋಟನ್ನೇ ನೋಡಿ. ಬಟನ್ ಒತ್ತಿ ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದರೆ, ಬರಿಗಣ್ಣಿಗೆ ಕಾಣದ ಬೆಳಕು ಮಿನುಗುವುದು ಸಾಮಾನ್ಯವಾಗಿ ಕಾಣುತ್ತದೆ. ಬಹಳಷ್ಟು ರಿಮೋಟ್‌ಗಳು ಬಳಸುವ ಎನ್‌ಇಸಿ ಪದ್ಧತಿಯಲ್ಲಿ ಸಂಖ್ಯೆ ಕಳಿಸುವ ಪಲ್ಸ್‌ಗಳೆಲ್ಲ ಸುಮಾರು 560 ಮೈಕ್ರೋಸೆಕೆಂಡ್ ಅಗಲ. ಎರಡು ಪಲ್ಸ್ ನಡುವಿನ ಬಿಡುವು ಅಷ್ಟೇ ಇದ್ದರೆ 0, ಮೂರು ಪಟ್ಟು ಇದ್ದರೆ 1. ಅಂದರೆ ಸಂದೇಶ ಇರೋದು ಬೆಳಕಿನಲ್ಲಲ್ಲ, ನಡುವಿನ ಕತ್ತಲಲ್ಲಿ! ಸೆಲ್ ಸೊರಗಿದಾಗ ರಿಮೋಟ್ ಕೆಲಸ ಮಾಡದೇ ಹೋಗಬಹುದು, ಆದರೆ 5 ಒತ್ತಿದರೆ 4ಕ್ಕೆ ಹೋಗೋದಿಲ್ಲ ಅಲ್ವಾ, ಕಾರಣ ಇದೇ.

ಇಷ್ಟು ಕರಾರುವಾಕ್ಕಾಗಿ ಹೊತ್ತು ಅಳೆಯೋದು ಹೇಗೆ? ರಿಮೋಟಿನ ಚಿಪ್‌ಗೆ ಬೇರೆ ದಾರಿ ಇದೆ, ಆದರೆ ಕಲಿಯುವವರಿಗೆ 555 ಟೈಮರ್‌ನಷ್ಟು ಒಳ್ಳೆ ಮೇಷ್ಟ್ರು ಇನ್ನೊಂದಿಲ್ಲ. ಹಾನ್ಸ್ ಕಾಮೆನ್‌ಜಿಂಡ್ ಇದನ್ನು 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದರು, ಇವತ್ತಿಗೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಎಂಟು ಕಾಲಿನ ಚಿಪ್. ಹೊರಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಬೇಕು. ಚಾಲೂ ಮಾಡುವ ಸಂಕೇತ ಕೊಟ್ಟ ಕೂಡಲೇ ಔಟ್‌ಪುಟ್ ಏರುತ್ತದೆ, ರೆಸಿಸ್ಟರ್ ಮೂಲಕ ಕೆಪಾಸಿಟರ್ ನಿಧಾನಕ್ಕೆ ಚಾರ್ಜ್ ಆಗುತ್ತದೆ, ನಲ್ಲಿ ತಿರುಗಿಸಿ ಬಕೆಟ್ ತುಂಬಿಸಿದ ಹಾಗೆ. ಸಪ್ಲೈ ವೋಲ್ಟೇಜಿನ ಮೂರನೇ ಎರಡು ಭಾಗ ಮುಟ್ಟಿದ ಕೂಡಲೇ ಚಿಪ್ ಔಟ್‌ಪುಟ್ ಇಳಿಸಿ ಕೆಪಾಸಿಟರನ್ನು ಖಾಲಿ ಮಾಡುತ್ತದೆ. ಒಂದು ಮೆಗಾಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 11 ಸೆಕೆಂಡಿನ ಪಲ್ಸ್, ಮೆಟ್ಟಿಲ ದೀಪಕ್ಕೆ ಸಾಕು. ಇದರಲ್ಲಿ ನನಗೆ ತುಂಬಾ ಇಷ್ಟವಾದ ಜಾಣತನ ಆ 'ಮೂರನೇ ಎರಡು ಭಾಗ'. ಬ್ಯಾಟರಿ 9 ವೋಲ್ಟಿನಿಂದ 7ಕ್ಕೆ ಇಳಿದರೆ ಕೆಪಾಸಿಟರ್ ಚಾರ್ಜ್ ಆಗೋದೂ ಅಷ್ಟೇ ಪ್ರಮಾಣದಲ್ಲಿ ನಿಧಾನ, ಮುಟ್ಟಬೇಕಾದ ಗೆರೆಯೂ ಅಷ್ಟೇ ಕೆಳಗೆ. ಹಾಗಾಗಿ ಹೊತ್ತು ಹೆಚ್ಚುಕಡಿಮೆ ಬದಲಾಗೋದೇ ಇಲ್ಲ.

ಪಲ್ಸಿನ ಅಗಲ ಹಿಗ್ಗಿಸಿ ಕುಗ್ಗಿಸಿದರೆ ಕರೆಂಟಿನ ಪ್ರಮಾಣವನ್ನೇ ಹತೋಟಿಗೆ ತರಬಹುದು. ಹಳೇ ಡಬ್ಬಿಯಂಥ ಫ್ಯಾನ್ ರೆಗ್ಯುಲೇಟರ್ ಮುಟ್ಟಿದರೆ ಬಿಸಿ ಇರುತ್ತಿತ್ತು, ಉಳಿಸಬೇಕಾದ ಕರೆಂಟೆಲ್ಲ ಅಲ್ಲಿ ಸುಮ್ನೆ ಶಾಖವಾಗುತ್ತಿತ್ತು. ಈಗಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನು, ಎಲೆಕ್ಟ್ರಿಕ್ ಸ್ಕೂಟರಿನ ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್, ಇಲ್ಲಾ ಪೂರ್ತಿ ಆಫ್. ನಡುವೆ ನಿಲ್ಲದ್ದರಿಂದ ಶಾಖ ಕಡಿಮೆ.

ಪಲ್ಸ್ ಎಣಿಸಿಯೂ ನೋಡಬಹುದು. ಮನೆಯ ಡಿಜಿಟಲ್ ಮೀಟರಿನಲ್ಲಿ ಮಿಟುಕುವ ಪುಟ್ಟ ಕೆಂಪು ದೀಪ ಇದೆಯಲ್ಲ, ಅದರ ಹತ್ತಿರ 3200 ಇಂಪ್ ಅಂತ ಬರೆದಿದ್ದರೆ, 3200 ಸಲ ಮಿಟುಕಿದರೆ ಒಂದು ಯೂನಿಟ್ ಅಂತ ಅರ್ಥ. ಒಂದು ಯೂನಿಟ್ ಅಂದರೆ 36 ಲಕ್ಷ ವ್ಯಾಟ್-ಸೆಕೆಂಡ್, ಅದನ್ನು 3200ರಿಂದ ಭಾಗಿಸಿದರೆ ಮಿಟುಕಿಗೆ 1125. ಎರಡು ಮಿಟುಕಿನ ನಡುವೆ ಎಷ್ಟು ಸೆಕೆಂಡ್ ಅಂತ ನೋಡಿ, 1125ನ್ನು ಅದರಿಂದ ಭಾಗಿಸಿ, ಮನೆ ಆ ಗಳಿಗೆಯಲ್ಲಿ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. 15 ಸೆಕೆಂಡಿಗೊಮ್ಮೆ ಅಂದರೆ 75 ವ್ಯಾಟ್, ಹಳೇ ಸೀಲಿಂಗ್ ಫ್ಯಾನ್ ಒಂದೇ ಓಡುತ್ತಿದೆ. 2000 ವ್ಯಾಟಿನ ಗೀಸರ್ ಹಾಕಿದರೆ ಸುಮಾರು ಅರ್ಧ ಸೆಕೆಂಡಿಗೊಮ್ಮೆ. ಎಲ್ಲ ಆಫ್ ಮಾಡಿದ ಮೇಲೂ ಒಂದೂವರೆ ನಿಮಿಷಕ್ಕೊಮ್ಮೆ ಮಿಟುಕುತ್ತಿದ್ದರೆ 12 ವ್ಯಾಟಿನಷ್ಟು ಎಲ್ಲೋ ಹೋಗುತ್ತಿದೆ, ಮೊದಲು ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಕಿತ್ತು ನೋಡಿ.