ಸಮುದ್ರ ಎಲ್ಲಿ ಹೋಯಿತು, ಸಾರ್?

ಎರಡು ವರ್ಷಗಳ ಹಿಂದೆ ಸೆಪ್ಟೆಂಬರಿನ ಒಂದು ಸಂಜೆ ಐದೂವರೆಗೆ, ನಾನು ಬೆಂಗಳೂರಿನ ನಮ್ಮ ಪ್ರವಾಸ ಸಂಸ್ಥೆಯ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ, ಫ್ರಾನ್ಸಿನಿಂದ ಹಳೆಯ ಗ್ರಾಹಕರೊಬ್ಬರ ಕರೆ ಬಂತು. ಅಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ಅವರು ನಿವೃತ್ತ ಎಂಜಿನಿಯರು, ಹೆಂಡತಿಯೊಂದಿಗೆ ಕಡಲತಡಿಯ ಗುಡ್ಡದೂರಾದ ಮೋಂ ಸೇಂ ಮಿಶೆಲ್‌ನ ಕೋಟೆಗೋಡೆಯ ಮೇಲೆ ನಿಂತಿದ್ದರು. "ಎಲ್ಲಾ ಚೆನ್ನಾಗಿದೆ ಸಾರ್, ಆದರೆ ಸಮುದ್ರ ಎಲ್ಲಿ ಹೋಯಿತು? ಕಣ್ಣು ಹಾಯಿಸಿದಷ್ಟೂ ಬರೀ ಮರಳು, ಕೆಸರು" ಎಂದರು. ನಾನು ಬರೆದುಕೊಟ್ಟಿದ್ದ ಮೂರು ರಾತ್ರಿಗಳ ಯೋಜನೆಯನ್ನು ದುಬಾರಿಯೆಂದು ಬದಿಗಿಟ್ಟು, ಪ್ಯಾರಿಸ್ಸಿನಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಒಂದು ದಿನದ ಬಸ್ಸಿನಲ್ಲಿ ಅವರು ಹೋಗಿದ್ದರು. ಮನೆಯ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದಲ್ಲಿ ಆ ಗುಡ್ಡದ ಸುತ್ತ ನೀರು ಕನ್ನಡಿಯಂತೆ ನಿಂತಿತ್ತು. ಅದಕ್ಕಾಗಿಯೇ ಅಷ್ಟು ದೂರ ಹೋದವರು ಅವರು.

ನನ್ನ ಹದಿನೇಳು ವರ್ಷಗಳ ವೃತ್ತಿಯಲ್ಲಿ ಈ ಪ್ರಶ್ನೆಯನ್ನು ಎಷ್ಟು ಬಾರಿ ಕೇಳಿದ್ದೇನೆಂಬ ಲೆಕ್ಕ ತಪ್ಪಿಹೋಗಿದೆ. ವೀಸಾ, ವಿಮೆ, ಸಸ್ಯಾಹಾರ, ಕಾರು ಬಾಡಿಗೆ ಇವೆಲ್ಲವನ್ನೂ ನಮ್ಮ ಜನ ನನಗಿಂತ ಚೆನ್ನಾಗಿ ವಿಚಾರಿಸಿಕೊಂಡು ಬರುತ್ತಾರೆ, ಆದ್ದರಿಂದ ಅವನ್ನು ಇಲ್ಲಿ ಬಿಡುತ್ತೇನೆ. ಅವರು ವಿಚಾರಿಸದೆ ಬರುವುದು ಒಂದನ್ನೇ. ಫ್ರಾನ್ಸಿನ ವಾಯವ್ಯ ಕರಾವಳಿಯಲ್ಲಿ, ಅಂದರೆ ನಾರ್ಮಂಡಿ ಮತ್ತು ಬ್ರಿಟನಿ ಸೀಮೆಗಳು ಸೇರುವ ಆ ಕೊಲ್ಲಿಯಲ್ಲಿ, ಪ್ರವಾಸದ ದಿನಾಂಕವನ್ನು ನಿಶ್ಚಯಿಸಬೇಕಾದದ್ದು ವಿಮಾನದ ದರವಲ್ಲ, ಸಮುದ್ರದ ಉಬ್ಬರವಿಳಿತ.

ಇದನ್ನು ಹೇಳಿದಾಗ ಕರಾವಳಿಯ ಕಡೆಯ ಗ್ರಾಹಕರೇ ಮೊದಲು ನಗುತ್ತಾರೆ. ಭರತ–ಇಳಿತ ನಮಗೆ ಗೊತ್ತಿಲ್ಲವೇ, ದಿನಾ ನೋಡುತ್ತಲೇ ಬೆಳೆದವರಲ್ಲವೇ ಎನ್ನುತ್ತಾರೆ. ಗೊತ್ತಿರುವುದೇ ಇಲ್ಲಿ ತೊಡಕು. ಮಂಗಳೂರಿನ ಕಡಲಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸಿನದು, ಅಲೆ ನಾಲ್ಕು ಹೆಜ್ಜೆ ಮುಂದೆ ಬಂದು ನಾಲ್ಕು ಹೆಜ್ಜೆ ಹಿಂದೆ ಹೋದಂತೆ ಕಾಣುತ್ತದೆ. ಸೇಂ ಮಾಲೊ ಪಟ್ಟಣದ ಬಳಿ ಅದೇ ವ್ಯತ್ಯಾಸ ದೊಡ್ಡ ಉಬ್ಬರದ ದಿನಗಳಲ್ಲಿ 12 ಮೀಟರನ್ನು ಮೀರುತ್ತದೆ, ಎಂದರೆ ನಾಲ್ಕು ಅಂತಸ್ತಿನ ಮನೆಯ ಎತ್ತರದಷ್ಟು ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅಟ್ಲಾಂಟಿಕ್‌ನಿಂದ ಇಂಗ್ಲಿಷ್ ಕಾಲುವೆಯೊಳಗೆ ನುಗ್ಗುವ ಉಬ್ಬರಕ್ಕೆ ಕೊತಾಂತಾಂ ಪರ್ಯಾಯದ್ವೀಪ ಅಡ್ಡ ನಿಲ್ಲುವುದರಿಂದ ನೀರು ಆ ಮೂಲೆಯಲ್ಲಿ ರಾಶಿಯಾಗುತ್ತದೆ. ತಳವೂ ಆಳವಿಲ್ಲದ, ಬಹುಮಟ್ಟಿಗೆ ಸಮತಟ್ಟಾದ ಮರಳಾದ್ದರಿಂದ ಇಳಿತದಲ್ಲಿ ಕಡಲು ಕಿಲೋಮೀಟರುಗಟ್ಟಲೆ ಹಿಂದೆ ಸರಿದು ಕಣ್ಣಿಗೇ ಕಾಣದಂತಾಗುತ್ತದೆ. ಈ ಏರಿಳಿತವನ್ನೇ ನಂಬಿ ಸೇಂ ಮಾಲೊ ಪಕ್ಕದ ರಾನ್ಸ್ ನದಿಯ ಮುಖದಲ್ಲಿ 1966ರಲ್ಲಿ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವನ್ನು ಕಟ್ಟಿದ್ದಾರೆ. ನಮ್ಮ ಎಂಜಿನಿಯರಿಗೆ ಈ ಸ್ಥಾವರದ ವಿಷಯ ಗೊತ್ತಿತ್ತು, ಪ್ರವಾಸದ ದಿನ ಗೊತ್ತುಮಾಡುವಾಗ ಮಾತ್ರ ಅದು ನೆನಪಾಗಲಿಲ್ಲ.

ಈಗ ನಾನು ಪ್ರತಿಸಲ ಕಾಗದದ ಮೇಲೆ ಚಿತ್ರ ಬರೆದು ವಿವರಿಸುವ ಭಾಗಕ್ಕೆ ಬರುತ್ತೇನೆ, ದಯವಿಟ್ಟು ನಿಧಾನವಾಗಿ ಓದಬೇಕು. ಫ್ರೆಂಚರು ಪ್ರತಿಯೊಂದು ಉಬ್ಬರಕ್ಕೂ 20ರಿಂದ 120ರವರೆಗಿನ ಒಂದು ಅಂಕಿ ಕೊಡುತ್ತಾರೆ. ಅದನ್ನು ಉಬ್ಬರದ ಗುಣಾಂಕ ಎನ್ನೋಣ. 45ರ ಸುತ್ತಮುತ್ತ ಇದ್ದರೆ ಸಣ್ಣ ಉಬ್ಬರ, 95 ದಾಟಿದರೆ ದೊಡ್ಡ ಉಬ್ಬರ. ಮೋಂ ಸೇಂ ಮಿಶೆಲ್ ನಿಜವಾಗಿ ದ್ವೀಪವಾಗಿ ಸುತ್ತಲೂ ನೀರಿನಿಂದ ಆವೃತವಾಗುವುದು ಈ ಗುಣಾಂಕ 110ರ ಆಸುಪಾಸಿಗೆ ಬಂದಾಗ ಮಾತ್ರ. ವರ್ಷದಲ್ಲಿ ಅಂಥ ದಿನಗಳು ಕೆಲವೇ, ಅವು ಹೆಚ್ಚಾಗಿ ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಹಿಂದೆಮುಂದೆ ಬರುತ್ತವೆ. 2015ರ ಮಾರ್ಚ್ 21ರಂದು ಅದು 119ಕ್ಕೆ ಏರಿದಾಗ ಜನ ಜಾತ್ರೆಯಂತೆ ಸೇರಿದ್ದರು.

ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆ, "ಹಾಗಾದರೆ ಆ ದಿನವೇ ಪ್ಯಾರಿಸ್ಸಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇವೆ" ಎನ್ನುತ್ತಾರೆ. ನನ್ನ ತಾಳ್ಮೆ ಕೆಡುವುದು ಇಲ್ಲಿ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ ನಿಜ, ಆದರೆ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರು ಭೂಮಿಯೊಂದಿಗೆ ಒಂದೇ ಸಾಲಿಗೆ ಬರುವುದರಿಂದ, ಯಾವುದೇ ಒಂದು ಊರಿನಲ್ಲಿ ದೊಡ್ಡ ಉಬ್ಬರ ಯಾವಾಗಲೂ ಗಡಿಯಾರದ ಹೆಚ್ಚುಕಡಿಮೆ ಅದೇ ವೇಳೆಗೆ ಬೀಳುತ್ತದೆ. ಈ ಕೊಲ್ಲಿಯ ಮಟ್ಟಿಗೆ ಅದು ಬೆಳಿಗ್ಗೆ ಏಳರಿಂದ ಒಂಬತ್ತರ ಸುತ್ತಮುತ್ತ, ಮತ್ತೆ ಸಂಜೆ ಏಳರಿಂದ ಒಂಬತ್ತರ ಸುತ್ತಮುತ್ತ. ನಡುಮಧ್ಯಾಹ್ನದಲ್ಲಿ ನೀರು ಬರುವ ದಿನಗಳೂ ಇವೆ, ಆದರೆ ಅವು ಸಣ್ಣ ಉಬ್ಬರದ ದಿನಗಳು, ಆಗ ನೀರು ಗುಡ್ಡವನ್ನು ಸುತ್ತುವುದಿಲ್ಲ. ಪ್ಯಾರಿಸ್ಸಿನಿಂದ ಬರುವ ಬಸ್ಸು ನಾಲ್ಕೈದು ಗಂಟೆ ಓಡಿ ಮಧ್ಯಾಹ್ನದ ಹೊತ್ತಿಗೆ ತಲುಪಿ, ಸಂಜೆ ನಾಲ್ಕೂವರೆಯ ಒಳಗೆ ಹೊರಟುಬಿಡುತ್ತದೆ. ಅಂದರೆ ಸಣ್ಣ ಉಬ್ಬರದ ದಿನ ಹೋದರೂ, ದೊಡ್ಡ ಉಬ್ಬರದ ದಿನ ಹೋದರೂ, ಆ ಬಸ್ಸಿನ ಪ್ರಯಾಣಿಕನಿಗೆ ಮೋಂ ಸೇಂ ಮಿಶೆಲ್ ದ್ವೀಪವಾಗಿ ಕಾಣಿಸುವ ಸಂಭವವೇ ಬಹುತೇಕ ಇಲ್ಲ. ಇದು ದುರದೃಷ್ಟದ ಮಾತಲ್ಲ, ಗಡಿಯಾರದ ಮಾತು. ಆದ್ದರಿಂದ ಕೊಲ್ಲಿಯ ಬಳಿ ಕನಿಷ್ಠ ಒಂದು ರಾತ್ರಿ ಉಳಿಯಬೇಕು, ಸಾಧ್ಯವಾದರೆ ಎರಡು. ಎರಡು ಏಕೆಂದರೆ ಒಂದು ಸಂಜೆ ಮಳೆ ಬಂದರೆ ಮರುದಿನ ಬೆಳಿಗ್ಗೆ ಇರುತ್ತದೆ, ಆ ಸೀಮೆಯಲ್ಲಿ ಮಳೆಗೆ ಕಾಲವೆಂಬುದು ಇಲ್ಲ.

ದಿನ ಹುಡುಕುವುದು ಕಷ್ಟವಲ್ಲ. ನಮ್ಮ ಮನೆಗಳ ಗೋಡೆಯ ಮೇಲೆ ತೂಗುವ ಪಂಚಾಂಗದ ಕ್ಯಾಲೆಂಡರನ್ನು ತೆಗೆದು ನೋಡಿದರೆ ಸಾಕು ಎಂದು ನಾನು ಹೇಳಿದಾಗ ಅನೇಕರು ತಮಾಷೆಯೆಂದುಕೊಳ್ಳುತ್ತಾರೆ. ಅಲ್ಲಿ ಅತಿ ದೊಡ್ಡ ಉಬ್ಬರ ಬರುವುದು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಸುಮಾರು ಮೂವತ್ತಾರರಿಂದ ನಲವತ್ತೆಂಟು ಗಂಟೆಗಳ ಮೇಲೆ, ಅಂದರೆ ನಮ್ಮ ಬಿದಿಗೆ ತದಿಗೆಗಳಲ್ಲಿ. ಅತಿ ಸಣ್ಣ ಉಬ್ಬರ ಬರುವುದು ನವಮಿ ದಶಮಿಗಳ ಆಸುಪಾಸಿನಲ್ಲಿ. ಅಮಾವಾಸ್ಯೆಯ ದಿನ ಮನೆ ಬಿಟ್ಟು ಹೊರಡಬಾರದೆಂದು ಹಟ ಹಿಡಿದ ಅತ್ತೆಯವರಿಂದಾಗಿ ಪ್ರವಾಸವೇ ನಿಂತುಹೋಗುತ್ತದೆಂದು ಹೆದರಿ ಒಬ್ಬ ಸೊಸೆ ನನ್ನ ಬಳಿ ಬಂದಿದ್ದರು. "ಅಮ್ಮನವರು ಹೇಳಿದ್ದೇ ಸರಿ, ಪಾಡ್ಯದ ದಿನ ಹೊರಡಿ, ತದಿಗೆಯ ಸಂಜೆಗೆ ಅಲ್ಲಿರುತ್ತೀರಿ" ಎಂದೆ. ಅತ್ತೆಯವರು ಅಂದಿನಿಂದ ನನ್ನನ್ನು ಬಹಳ ಶಾಸ್ತ್ರ ಬಲ್ಲವನೆಂದು ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಆದರೆ ವೃತ್ತಿಯ ಎಚ್ಚರಿಕೆಯಿಂದ ಇಷ್ಟನ್ನು ಹೇಳಲೇಬೇಕು: ಪಂಚಾಂಗ ಒಂದು ಅಂದಾಜನ್ನಷ್ಟೇ ಕೊಡುತ್ತದೆ, ಎಲ್ಲ ತದಿಗೆಗಳೂ 110 ಮುಟ್ಟುವುದಿಲ್ಲ. ಫ್ರೆಂಚ್ ನೌಕಾಪಡೆಯ ಜಲಸಮೀಕ್ಷೆಯಿಂದ ಬೆಳೆದ ಶೋಮ್ ಎಂಬ ಸಂಸ್ಥೆ ಪ್ರಕಟಿಸುವ ಕೋಷ್ಟಕದಲ್ಲಿ ಗುಣಾಂಕವನ್ನೂ ವೇಳೆಯನ್ನೂ ನೋಡಿಯೇ ಹೋಟೆಲಿಗೆ ಹಣ ಕಟ್ಟಬೇಕು. ಗಾಳಿ ಮತ್ತು ವಾಯುಭಾರ ಆ ಲೆಕ್ಕವನ್ನೂ ಒಂದಿಷ್ಟು ಆಚೀಚೆ ಮಾಡುತ್ತವೆ.

ಇನ್ನು ಅಲ್ಲಿ ಹೋದ ಮೇಲೆ. ಪ್ಯಾರಿಸ್ಸಿನ ಮೋಂಪಾರ್ನಾಸ್ ನಿಲ್ದಾಣದಿಂದ ರೆನ್ ನಗರಕ್ಕೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ವಾಹನಗಳ ನಿಲುಗಡೆ ಗುಡ್ಡದಿಂದ ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿಂದ ಉಚಿತ ಬಸ್ಸು ಓಡಾಡುತ್ತದೆ. 1879ರಲ್ಲಿ ಕಟ್ಟಿದ ಏರಿ ರಸ್ತೆಯಿಂದಾಗಿ ಹೂಳು ತುಂಬಿ ಗುಡ್ಡ ನೆಲಕ್ಕೇ ಅಂಟಿಕೊಳ್ಳುವಂತಾದಾಗ, ಫ್ರೆಂಚರು ಕುಯೆನೊಂ ನದಿಗೆ 2009ರಲ್ಲಿ ಹೊಸ ಅಣೆಕಟ್ಟು ಕಟ್ಟಿ ಅದರ ನೀರಿನಿಂದಲೇ ಹೂಳನ್ನು ತಳ್ಳಿಸಿ, 2014ರಲ್ಲಿ ಕಂಬಗಳ ಮೇಲಿನ ಸೇತುವೆ ತೆರೆದು ಹಳೆಯ ರಸ್ತೆಯನ್ನು ಕಿತ್ತುಹಾಕಿದರು. ಆ ಗುಡ್ಡ ದ್ವೀಪವಾಗಿಯೇ ಉಳಿಯಬೇಕೆಂದು ಒಂದು ದೇಶ ಇಷ್ಟೆಲ್ಲ ಪಾಡುಪಟ್ಟಿರುವಾಗ, ಅದು ದ್ವೀಪವಾಗುವ ಹೊತ್ತಿಗೆ ನಮ್ಮವರು ಪ್ಯಾರಿಸ್ಸಿನ ಹೆದ್ದಾರಿಯಲ್ಲಿ ಬಸ್ಸಿನೊಳಗೆ ತೂಕಡಿಸುತ್ತಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಉಬ್ಬರಕ್ಕೆ ಎರಡು ಗಂಟೆ ಮೊದಲೇ ಕೋಟೆಗೋಡೆಯ ಮೇಲೆ ಜಾಗ ಹಿಡಿಯಬೇಕು. ನೀರು ನಾಗಾಲೋಟದ ಕುದುರೆಯಂತೆ ಬರುತ್ತದೆಂಬ ಮಾತು ಅಲ್ಲಿ ಜನಜನಿತವಾಗಿದ್ದರೂ ಅದು ಉತ್ಪ್ರೇಕ್ಷೆ, ಬಹುಮಟ್ಟಿಗೆ ಅದು ಮನುಷ್ಯ ಬಿರುಸಾಗಿ ನಡೆಯುವ ವೇಗ. ಆದರೆ ಅದು ಎದುರಿನಿಂದ ಮಾತ್ರ ಬರದೆ ಕಾಲುವೆಗಳ ಮೂಲಕ ಬೆನ್ನ ಹಿಂದೆಯೂ ತುಂಬಿಕೊಳ್ಳುವುದರಿಂದ, ಕಾಲು ಹೂತುಹೋಗುವ ಮರಳೂ ಇರುವುದರಿಂದ, ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಮರಳಿಗೆ ಇಳಿಯಲೇಬಾರದು. ಈ ವಿಷಯದಲ್ಲಿ ನಾನು ಚೌಕಾಸಿಗೆ ಸಿದ್ಧನಿಲ್ಲ.

ಎಲ್ಲ ಕಡೆಯೂ ಉಬ್ಬರವೇ ಬೇಕೆಂದೇನಿಲ್ಲ. ನಾರ್ಮಂಡಿಯ ಒಮಾಹಾ ಕಿನಾರೆಗೆ ಇಳಿತದಲ್ಲಿ ಹೋಗಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಮಿತ್ರಪಡೆಗಳು ಕಡಲಿನಿಂದ ಬಂದಿಳಿದ 1944ರ ಜೂನ್ 6ರ ಆ ಸೈನಿಕ ಕಾರ್ಯಾಚರಣೆಯ ದಿನವನ್ನು ಗೊತ್ತುಮಾಡಿದ್ದರಲ್ಲಿಯೂ ಉಬ್ಬರವಿಳಿತದ ಕೋಷ್ಟಕದ ಪಾತ್ರ ದೊಡ್ಡದು. ಪ್ಯಾರಾಚೂಟಿನಲ್ಲಿ ಇಳಿಯುವವರಿಗೆ ಬೆಳದಿಂಗಳು ಬೇಕಿತ್ತು, ಜರ್ಮನರು ನೆಟ್ಟಿದ್ದ ಅಡೆತಡೆಗಳು ಕಾಣಬೇಕಾದರೆ ಮುಂಜಾವಿನಲ್ಲಿ ಇಳಿತ ಬೇಕಿತ್ತು, ಎರಡೂ ಕೂಡಿಬಂದದ್ದು ಜೂನ್ 5, 6 ಮತ್ತು 7 ಮಾತ್ರ. ಅಮೆರಿಕನ್ನರು ಬೆಳಿಗ್ಗೆ ಆರೂವರೆಗೆ ಇಳಿದರೆ, ಉಬ್ಬರ ತಡವಾಗಿ ಏರುವ ಪೂರ್ವದ ಕಿನಾರೆಗಳಲ್ಲಿ ಇತರ ಪಡೆಗಳು ಸುಮಾರು ಒಂದು ಗಂಟೆಯ ಅನಂತರ ಇಳಿದವು. ನೀರು ತುಂಬಿದಾಗ ಹೋದರೆ ಅಲ್ಲಿ ಕಾಣುವುದು ಕಿರಿದಾದ ಒಂದು ಪಟ್ಟಿ. ಇಳಿತದಲ್ಲಿ ನಿಂತು, ಮರೆಯೆಂಬುದೇ ಇಲ್ಲದ ಸುಮಾರು 300 ಮೀಟರ್ ಮರಳನ್ನು ಕಣ್ಣಳತೆಯಲ್ಲಿ ನೋಡಿದಾಗಲೇ ಆ ದಿನ ಏನು ನಡೆಯಿತೆಂಬುದು ಮನಸ್ಸಿಗೆ ಇಳಿಯುತ್ತದೆ. ಅಲ್ಲಿಯ ವೇಳೆ ಬೇರೆ, ಮೋಂ ಸೇಂ ಮಿಶೆಲ್‌ನ ಕೋಷ್ಟಕವನ್ನು ಅಲ್ಲಿಗೆ ಒಯ್ದರೆ ನಡೆಯದು.

ಸೇಂ ಮಾಲೊದಲ್ಲಿ ಉಬ್ಬರ ಇಳಿತ ಎರಡನ್ನೂ ಕಾಣಬೇಕು. 1746ರಲ್ಲಿ ಮದರಾಸನ್ನು ಇಂಗ್ಲಿಷರಿಂದ ಕಿತ್ತುಕೊಂಡ ಲಾ ಬುರ್ದೊನೆ ಹುಟ್ಟಿದ್ದೂ, 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಂಟ್ ಹಡಗನ್ನು ಸೆರೆಹಿಡಿದ ಸುರ್ಕೂಫ್ ಹುಟ್ಟಿದ್ದೂ ಈ ಊರಿನಲ್ಲಿಯೇ. 1944ರ ಆಗಸ್ಟಿನಲ್ಲಿ ಬಹುಪಾಲು ಸುಟ್ಟುಹೋದ ಕೋಟೆಯೊಳಗಿನ ಊರನ್ನು ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದ್ದಾರೆ. ಗೋಡೆಯಾಚೆ ಗ್ರಾಂ ಬೇ ಎಂಬ ಪುಟ್ಟ ದ್ವೀಪವಿದೆ, ಇಳಿತದಲ್ಲಿ ಕಲ್ಲುಹಾಸಿನ ಮೇಲೆ ನಡೆದುಹೋಗಬಹುದು, ಉಬ್ಬರದಲ್ಲಿ ದಾರಿಯೇ ಮಾಯವಾಗುತ್ತದೆ. ಹೊತ್ತು ಮೀರಿ ಅಲ್ಲಿಯೇ ಉಳಿದುಬಿಟ್ಟವರು ಮುಂದಿನ ಇಳಿತದವರೆಗೆ ಗಂಟೆಗಟ್ಟಲೆ ಕೂತು ಕಾಯಬೇಕಾಗುತ್ತದೆ.

ಕುಂದಾಪುರ ಕಡೆಯ ನಿವೃತ್ತ ಭೂಗೋಳ ಶಿಕ್ಷಕಿಯೊಬ್ಬರಿಗೆ ನಾನು ಆ ದಾರಿ ತೆರೆಯುವ ವೇಳೆಯನ್ನು ಬರೆದುಕೊಟ್ಟಿದ್ದೆ. ಅವರು ಪ್ರವಾಸ ಮುಗಿಸಿ ಬಂದು ನೋಟುಪುಸ್ತಕದ ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. ಕೋಟೆಗೋಡೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುಳಿತು, ಮೊದಲ ಕಲ್ಲು ಕಂಡದ್ದು, ದಾರಿ ಪೂರ್ತಿ ತೆರೆದದ್ದು, ಮತ್ತೆ ಮುಳುಗಿದ್ದು ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಬರೆದಿದ್ದರು. ನಾನು ಕೊಟ್ಟ ವೇಳೆ ಸರಿಯಾಗಿ ಒಂದು ಗಂಟೆ ತಪ್ಪಿತ್ತು. ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಕೆಲವು ಕೋಷ್ಟಕಗಳಲ್ಲಿ ಆ ಒಂದು ಗಂಟೆಯನ್ನು ನಾವೇ ಕೂಡಿಸಿಕೊಳ್ಳಬೇಕು, ನಾನು ಕೂಡಿಸಿರಲಿಲ್ಲ. "ನೀವು ಹೇಳಿದ ಹೊತ್ತಿಗೆ ಇಳಿದಿದ್ದರೆ ಸೀರೆ ನೆನೆಯುತ್ತಿತ್ತು ಅಷ್ಟೇ, ಪರವಾಗಿಲ್ಲ" ಎಂದರು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಆರು ಅಂಕ ಹಾಕಿದ್ದರು. ಅದನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ, ಹೊಸ ಗ್ರಾಹಕರಿಗೆ ಬರೆದುಕೊಡುವ ವೇಳೆಯ ಪಟ್ಟಿಯನ್ನು ಈಗ ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿದ ಮೇಲೆಯೇ ಕಳುಹಿಸುತ್ತೇವೆ.