ಎಂಸಿಬಿ ಹಾಕಿಸಿದ್ದೀರಿ, ಸರಿ. ಶಾಕ್ ತಡೆಯುವುದು ಯಾವುದು?

“ನೂರು ವರ್ಷದ ತೊಟ್ಟಿ ಮನೆ. ಹಳೇ ಕಟೌಟ್ ಎಲ್ಲ ತೆಗೆಸಿ ಫುಲ್ ಎಂಸಿಬಿ ಮಾಡಿಸಿದೆ. ಮಕ್ಕಳಿಗೆ ಶಾಕ್ ಹೊಡೆಯುವ ಭಯವಿಲ್ಲ.” ತೀರ್ಥಹಳ್ಳಿ ಕಡೆಯ ಹೋಂಸ್ಟೇ ಒಂದರ ಜಾಹೀರಾತು ಇದು. ಇದೇ ಮಾತನ್ನು ಶಿವಮೊಗ್ಗದಲ್ಲಿ ಮನೆ ಬಾಡಿಗೆಗೆ ಕೊಡುವವರು ಹೇಳುತ್ತಾರೆ, ಸಾಗರದಲ್ಲಿ ಹಳೇ ಮನೆ ರಿಪೇರಿ ಮಾಡಿಸಿದವರು ಹೇಳುತ್ತಾರೆ, ಕೊನೆಗೆ ವೈರಿಂಗ್ ಮಾಡುವ ಕೆಲವರೂ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಎಂಸಿಬಿಗೂ ಶಾಕ್ ತಡೆಯುವುದಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಎಂಸಿಬಿ ಕಾಯುವುದು ವೈರನ್ನು.

(ಕಟೌಟ್ ಅಂದರೆ ಚಿತ್ರಮಂದಿರದ ಮುಂದೆ ಹಾರ ಹಾಕಿಸಿಕೊಂಡು ನಿಲ್ಲುವುದಲ್ಲ ಎಂದು ಹೊಸ ತಲೆಮಾರಿಗೆ ಹೇಳಬೇಕಾದೀತು. ಜಗಲಿಯ ಗೋಡೆಯ ಮೇಲೆ ಮರದ ಹಲಗೆಗೆ ಹೊಡೆದ ಬಿಳಿ ಪಿಂಗಾಣಿಯ ಫ್ಯೂಸ್ ಇರುತ್ತದಲ್ಲ, ಅದು.)

ಹೆಸರಿನಿಂದಲೇ ಶುರುಮಾಡೋಣ. ಮಿನಿಯೇಚರ್ ಸರ್ಕ್ಯೂಟ್ ಬ್ರೇಕರ್. ಸರ್ಕ್ಯೂಟ್ ಬ್ರೇಕರ್ ಎಂದರೆ ಹರಿಯುವ ಕರೆಂಟನ್ನು ತಾನಾಗಿ ಕಡಿದುಹಾಕುವ ಸಾಧನ. ಶರಾವತಿ ವಿದ್ಯುದಾಗಾರದಂಥ ಕಡೆ ಸ್ವಿಚ್‌ಯಾರ್ಡಿನಲ್ಲಿ ಆಳೆತ್ತರ ಮೀರಿದ ಬ್ರೇಕರ್‌ಗಳು ನಿಂತಿರುತ್ತವೆ. ಅವುಗಳ ಕೆಲಸವನ್ನೇ ಎರಡು ಬೆರಳಗಲದಲ್ಲಿ ಮಾಡುವುದರಿಂದ ಇದು ಮಿನಿಯೇಚರ್. ಇದು ಹುಟ್ಟಿದ್ದೂ ಫ್ಯೂಸಿನ ಜಾಗದಲ್ಲಿ ಕೂರುವುದಕ್ಕೆ. 1924ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಹ್ಯೂಗೋ ಸ್ಟೋಟ್ಸ್ ಕಂಪನಿ ಇದಕ್ಕೆ ಪೇಟೆಂಟ್ ಪಡೆಯಿತು. ಆಗಿನದು ಫ್ಯೂಸ್ ತೆಗೆದು ಅದೇ ಹೋಲ್ಡರಿಗೆ ತಿರುಪಿ ಕೂರಿಸುವಂಥದ್ದು. ಫ್ಯೂಸ್ ಎಂಬ ಮಾತಿಗೆ ಲ್ಯಾಟಿನ್ ಮೂಲದಲ್ಲಿ ಕರಗು ಎಂಬ ಅರ್ಥವಿದೆ. ಕರೆಂಟ್ ಹೆಚ್ಚಾದರೆ ತಂತಿ ಕರಗಿ ದಾರಿ ಕಡಿದುಹೋಗುತ್ತದೆ. ಎಂಸಿಬಿಯಲ್ಲಿ ಕರಗುವ ತಂತಿಯ ಬದಲು ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿ ಇದೆ, ಶಾರ್ಟ್ ಆದರೆ ತಟ್ಟನೆ ಎಳೆಯುವ ಸುರುಳಿ ಇದೆ. ಪ್ರತಿ ಸಲ ತಂತಿ ಕಟ್ಟುವ ಬದಲು ಗುಂಡಿ ಎತ್ತಿದರಾಯಿತು. ಅನುಕೂಲ ದೊಡ್ಡದೇ, ಆದರೆ ಕೆಲಸ ಫ್ಯೂಸಿನದೇ. ಕಟೌಟ್ ತೆಗೆದು ಎಂಸಿಬಿ ಹಾಕಿದ ಮನೆಯಲ್ಲಿ ಶಾಕಿನ ಮಟ್ಟಿಗೆ ಏನೂ ಬದಲಾಗಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮನೆಗೆ ಬರುವುದು 230 ವೋಲ್ಟ್. ಮೈಯ ಪ್ರತಿರೋಧ ಅಂದಾಜು ಸಾವಿರದಿಂದ ಎರಡು ಸಾವಿರ ಓಮ್. ಬಚ್ಚಲಿನಲ್ಲಿ ಒದ್ದೆ ಕೈಕಾಲಿದ್ದರೆ ಇನ್ನೂ ಕಡಿಮೆ. ಅಂದರೆ ಮೈಯಲ್ಲಿ ಹರಿಯುವುದು 0.1ರಿಂದ 0.2 ಆಂಪಿಯರ್. ಹೃದಯದ ಬಡಿತ ಕೆಡಿಸುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ಬೋರ್ಡಿನಲ್ಲಿರುವುದು 16 ಆಂಪಿಯರ್ ಎಂಸಿಬಿ. ಅದರ ಲೆಕ್ಕದಲ್ಲಿ ಆ ಹೊತ್ತು ಮನೆಯಲ್ಲಿ ನಲವತ್ತು ವ್ಯಾಟಿನ ಇನ್ನೊಂದು ಬಲ್ಬು ಹೊತ್ತಿದೆ, ಅಷ್ಟೇ. ಅದೇಕೆ ಟ್ರಿಪ್ ಆಗಿ ಬೀಳುತ್ತದೆ?

“ಅರ್ಥಿಂಗ್ ಇದೆಯಲ್ಲ” ಎಂಬ ಉತ್ತರ ಕೂಡಲೇ ಬರುತ್ತದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು ಅದು. ಇದ್ದರೆ ಸಂತೋಷ, ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಇದೆ ಎಂದೇ ಇಟ್ಟುಕೊಳ್ಳೋಣ. ಇದ್ದಿಲು, ಉಪ್ಪು ತುಂಬಿದ ನಿಮ್ಮ ಗುಂಡಿಯಿಂದ ಟ್ರಾನ್ಸ್‌ಫಾರ್ಮರಿನ ಅರ್ಥ್‌ವರೆಗೆ ಮಣ್ಣಿನ ದಾರಿಯಲ್ಲಿ ಒಟ್ಟು 10 ಓಮ್ ಅನ್ನಿ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಅಷ್ಟು ಸಿಕ್ಕರೆ ಪುಣ್ಯ. ಗೀಸರಿನೊಳಗೆ ಫೇಸ್, ಅಂದರೆ ಕರೆಂಟ್ ತರುವ ವೈರು, ಹೋಗಿ ಅದರ ಲೋಹದ ಮೈಗೆ ತಾಗಿದರೆ ಹರಿಯುವುದು 23 ಆಂಪಿಯರ್. ಮನೆಗಳಿಗೆ ಸಾಮಾನ್ಯವಾಗಿ ಹಾಕುವ 16ರ ‘ಸಿ’ ವರ್ಗದ ಎಂಸಿಬಿ ತಟ್ಟನೆ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ ಕನಿಷ್ಠ 80 ಆಂಪಿಯರ್ ಬೇಕು. 23ಕ್ಕೆ ಅದು ನಿಧಾನವಾಗಿ ಬಿಸಿಯಾಗುತ್ತ ಒಂದು ಗಂಟೆಯ ಹತ್ತಿರ ತೆಗೆದುಕೊಂಡರೂ ತಯಾರಿಸಿದವರ ತಪ್ಪಲ್ಲ, ಮಾನದಂಡವೇ ಹಾಗಿದೆ. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ ಕರೆಂಟ್ ಇರುತ್ತದೆ.

ಶಾಕ್ ತಡೆಯುವುದಕ್ಕೆ ಇರುವ ಸಾಧನದ ಹೆಸರು ಆರ್‌ಸಿಸಿಬಿ (ರೆಸಿಡುಯಲ್ ಕರೆಂಟ್ ಸರ್ಕ್ಯೂಟ್ ಬ್ರೇಕರ್). ನಮ್ಮ ಅಂಗಡಿಗಳಲ್ಲಿ ಈಗಲೂ ಇಎಲ್‌ಸಿಬಿ (ಅರ್ಥ್ ಲೀಕೇಜ್ ಸರ್ಕ್ಯೂಟ್ ಬ್ರೇಕರ್) ಅಂತಲೇ ಕೇಳುತ್ತಾರೆ, ಕೊಡುವವರೂ ಹಾಗೇ ಕೊಡುತ್ತಾರೆ. ಈ ಗೊಂದಲವನ್ನು ನಾನು ಕ್ಷಮಿಸುತ್ತೇನೆ, ಏಕೆಂದರೆ ಕೈಗೆ ಬರುವ ವಸ್ತು ಸರಿಯಾದದ್ದೇ. ಮೊದಲಿನ ಇಎಲ್‌ಸಿಬಿ ಬೇರೆ ಜಾತಿಯದು: ಅರ್ಥ್ ವೈರು ಅದರೊಳಗಿಂದ ಹಾದುಹೋಗುತ್ತಿತ್ತು, ಆ ವೈರಿನಲ್ಲಿ ವೋಲ್ಟೇಜ್ ಏರಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತಿತ್ತು. ಕರೆಂಟ್ ಮನುಷ್ಯನ ಕಾಲಿನಿಂದ ನೇರ ನೆಲಕ್ಕೆ ಇಳಿದರೆ ಅದು ಸುಮ್ಮನೆ ಕೂತಿರುತ್ತಿತ್ತು. ಈಗಿನದು ಫೇಸಿನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದನ್ನೂ ತಾಳೆ ನೋಡುತ್ತದೆ. ಎರಡರ ನಡುವೆ ವ್ಯತ್ಯಾಸ ಬಂತೆಂದರೆ ಅಷ್ಟು ಕರೆಂಟ್ ಬೇರೆ ದಾರಿ ಹಿಡಿದಿದೆ. ಆ ದಾರಿ ಒದ್ದೆ ಗೋಡೆಯೋ ನಿಮ್ಮ ಮೈಯೋ ಎಂದು ಅದು ವಿಚಾರಿಸುವುದಿಲ್ಲ. 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ, ಸೆಕೆಂಡಿನ ಸಣ್ಣ ಭಾಗದಲ್ಲಿ, ಕಡಿದುಹಾಕುತ್ತದೆ.

ಕೊಳ್ಳುವಾಗ ಎಲ್ಲರೂ “40 ಆಂಪ್ಸ್” ಎಂದು ಕೇಳಿ ತರುತ್ತಾರೆ. ಜೀವ ಉಳಿಸುವುದು ಆ ಸಂಖ್ಯೆಯಲ್ಲ, ಅದರ ಕೆಳಗೆ ಸಣ್ಣದಾಗಿ ಬರೆದಿರುವ 30. ಅದೇ ರೂಪದಲ್ಲಿ 100 ಮತ್ತು 300 ಮಿಲಿ ಆಂಪಿಯರಿನವೂ ಸಿಗುತ್ತವೆ. 300ರದು ಬೆಂಕಿ ತಡೆಯುವುದಕ್ಕೆ, ಮನುಷ್ಯರಿಗಲ್ಲ. ಇನ್ನೊಂದು ಮೋಸ ಬೋರ್ಡಿನ ತುದಿಯಲ್ಲಿರುವ ಅಗಲ ಸ್ವಿಚ್‌ನದು. ಅದನ್ನು ತೋರಿಸಿ “ನಮ್ಮಲ್ಲಿ ಇಎಲ್‌ಸಿಬಿಯೂ ಇದೆ” ಎನ್ನುವವರಿದ್ದಾರೆ. ಬಹಳ ಸಲ ಅದು ಬರೀ ಐಸೊಲೇಟರ್, ಅಂದರೆ ಕೈಯಿಂದ ಆರಿಸಿದರಷ್ಟೇ ಆರುವ ಸ್ವಿಚ್. ‘ಟೆಸ್ಟ್’ ಎಂಬ ಪುಟ್ಟ ಗುಂಡಿ ಇದ್ದರೆ ಮಾತ್ರ ಆರ್‌ಸಿಸಿಬಿ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಬೇಕು, ಒತ್ತಿದರೆ ಬೀಳಬೇಕು.

ಇಷ್ಟೆಲ್ಲ ಗೊತ್ತಿದ್ದು ಹಾಕಿಸಿದವರ ಮನೆಯಲ್ಲೂ ಮುಂದೇನಾಗುತ್ತದೆ? ಜೂನ್ ಬಂತು, ಮಳೆ ಹಿಡಿಯಿತು, ಆರ್‌ಸಿಸಿಬಿ ದಿನಕ್ಕೆರಡು ಸಲ ಬೀಳತೊಡಗಿತು. ವೈರಿಂಗಿನವನನ್ನು ಕರೆಸಿದರೆ “ಮಲೆನಾಡಿಗೆ ಇದು ಆಗಿಬರಲ್ಲ ಮಾರಾಯ್ರೆ, ಡೈರೆಕ್ಟ್ ಕೊಟ್ಟುಬಿಡ್ತೀನಿ” ಅನ್ನುತ್ತಾನೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಈ ಮಾತಿಗೆ. ಸೋರಿಕೆ ಇದೆ ಎಂದು ಅದು ಹೇಳುತ್ತಿದೆ, ನಾವು ಅದರ ಬಾಯಿ ಮುಚ್ಚಿಸುತ್ತಿದ್ದೇವೆ. ಮಣ್ಣಿನ ಗೋಡೆ ಥಂಡಿ ಹಿಡಿದಿರುತ್ತದೆ, ಮುಚ್ಚಿಗೆಯ ಮೇಲೆ ಓಡಿಸಿದ ಹಳೇ ರಬ್ಬರ್ ವೈರಿನ ಸಿಪ್ಪೆ ಉದುರಿರುತ್ತದೆ, ಅಳಿದುಳಿದದ್ದನ್ನು ಇಲಿ ಕಡಿದಿರುತ್ತದೆ. ಕೆಳಗೆ ಒಣಗಿದ ಮರ. ಹೊಸ ಬೋರ್ಡಿಗೆ ಕೊಡುವ ದುಡ್ಡಿಗಿಂತ ಮೊದಲು ಆ ವೈರಿಗೆ ಕೊಡಬೇಕಿತ್ತು.

ಹೀಗೆ ಬೀಳುವುದಕ್ಕೆ ಮಳೆಗೆ ಸಂಬಂಧವೇ ಇಲ್ಲದ ಇನ್ನೊಂದು ಕಾರಣವೂ ನಮ್ಮಲ್ಲಿ ಮಾಮೂಲು: ಯುಪಿಎಸ್. ಕರೆಂಟ್ ನೆಚ್ಚಿಕೊಳ್ಳುವಂತಿಲ್ಲ ಎಂದು ಮನೆಮನೆಗೂ ಬಂದಿದೆ. ಅದರ ಲೈನಿನ ನ್ಯೂಟ್ರಲ್ಲನ್ನು ಸಿಕ್ಕ ನ್ಯೂಟ್ರಲ್ಲಿಗೆ ಸೇರಿಸಿದರೆ ಆರ್‌ಸಿಸಿಬಿಯ ಮೂಲಕ ಹೋದ ಕರೆಂಟ್ ಅದನ್ನು ಬಿಟ್ಟು ಬೇರೆ ಕಡೆಯಿಂದ ವಾಪಸ್ ಬರುತ್ತದೆ. ಅದರ ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ನ್ಯೂಟ್ರಲ್‌ಗಳನ್ನು ಬೇರ್ಪಡಿಸುವುದು ಅರ್ಧ ದಿನದ ಬೇಸರದ ಕೆಲಸ, ಆದ್ದರಿಂದ ಆರ್‌ಸಿಸಿಬಿಯನ್ನೇ ಕಿತ್ತುಹಾಕುತ್ತಾರೆ. ದೊಡ್ಡ ಮನೆಯಾದರೆ ಎಲ್ಲಕ್ಕೂ ಒಂದೇ ಹಾಕಬೇಡಿ. ಬಚ್ಚಲು ಮತ್ತು ಅಂಗಳದ ಪಂಪಿಗೊಂದು, ಒಳಮನೆಗೊಂದು ಇದ್ದರೆ ಪಂಪು ಕೈಕೊಟ್ಟಾಗ ಇಡೀ ಮನೆ ಕತ್ತಲಾಗುವುದಿಲ್ಲ. ಆರ್‌ಸಿಸಿಬಿ ಇದೆಯೆಂದು ಎಂಸಿಬಿ ಬಿಡುವಂತೆಯೂ ಇಲ್ಲ. ಓವರ್‌ಲೋಡ್ ಆರ್‌ಸಿಸಿಬಿಗೆ ತಿಳಿಯುವುದಿಲ್ಲ. ಒಣ ಹಲಗೆಯ ಮೇಲೆ ನಿಂತು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನೂ ಇದು ಉಳಿಸಲಾರದು.

ಇನ್ನು “ಎಂಸಿಬಿ ದೊಡ್ಡದು ಹಾಕಿ ಲೋಡ್ ಜಾಸ್ತಿ ಮಾಡಿಸಿದೆವು” ಎಂಬ ಮಾತು. ಲೋಡ್ ಎನ್ನುವುದು ಮೆಸ್ಕಾಂ ಬಿಲ್ಲಿನಲ್ಲಿ ಕಿಲೋವ್ಯಾಟ್ ಲೆಕ್ಕದಲ್ಲಿ ಬರೆದಿರುವ ಮಂಜೂರಾತಿ. ಅದು ಹೆಚ್ಚಾಗುವುದು ಅರ್ಜಿಯಿಂದ. ಅದಕ್ಕೆ ತಕ್ಕಂತೆ ಕಂಬದಿಂದ ಬರುವ ಸರ್ವಿಸ್ ವೈರು, ಮೀಟರು, ಮೇನ್ ಎಲ್ಲವೂ ಇರಬೇಕು. 3 ಕಿಲೋವ್ಯಾಟ್ ಗೀಸರ್ ಒಂದೇ 13 ಆಂಪಿಯರ್ ಎಳೆಯುತ್ತದೆ. ಲೈಟಿಗೆಂದು ಎಳೆದ 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಹೆಚ್ಚೆಂದರೆ ಹದಿನೈದರ ಆಸುಪಾಸು ತಾಳುವ ಶಕ್ತಿ. ಅದಕ್ಕೆ ಇಂಡಕ್ಷನ್ ಒಲೆಯನ್ನೂ ಹಾಕಿ, ಎಂಸಿಬಿ ಬೀಳುತ್ತದೆಂದು 16 ತೆಗೆದು 32 ಕೂರಿಸಿದರೆ ಮೊದಲು ಬಿಸಿಯಾಗುವುದು ವೈರು. ಹಿಂದೆ ಕಟೌಟಿಗೆ ದಪ್ಪ ತಂತಿ ಕಟ್ಟುತ್ತಿದ್ದವರೂ ಇದನ್ನೇ ಮಾಡುತ್ತಿದ್ದರು, ಅವರಿಗೆ ಕನಿಷ್ಠ ಬೈಗುಳವಾದರೂ ಸಿಗುತ್ತಿತ್ತು.

ಹಳೇ ಮನೆಯ ಮೇನ್ ಬೋರ್ಡ್ ಬದಲಿಸಲು ಲೈಸೆನ್ಸ್ ಇರುವವರಿಂದಲೇ ಅಂದಾಜು ಪಟ್ಟಿ ಬರೆಸಿಕೊಳ್ಳಿ. “ಎಂಸಿಬಿ ಬೋರ್ಡ್ ಕಂಪ್ಲೀಟ್” ಎಂದು ಒಂದೇ ಸಾಲು ಬರೆದು ಕೊಟ್ಟರೆ ವಾಪಸ್ ಕೊಡಿ. ಆರ್‌ಸಿಸಿಬಿ ಎಷ್ಟು, ಅವು 30 ಮಿಲಿ ಆಂಪಿಯರಿನವೇ, ಯಾವ ಲೈನಿಗೆ ಎಷ್ಟು ದಪ್ಪದ ವೈರು, ಅರ್ಥ್ ಗುಂಡಿ ಹೊಸದೋ ಹಳೆಯದೋ, ಮೀಟರ್ ಹಾಕಿ ಅಳೆದರೆ ಎಷ್ಟು ಓಮ್ ಬಂತು, ಇವು ಬೇರೆ ಬೇರೆ ಸಾಲಿನಲ್ಲಿ ಬರಲಿ.