“ಹೆರಿಗೆ ಆಗಲಿ ಡಾಕ್ಟ್ರೇ, ಆಮೇಲೆ ಮಾಡಿಸ್ತೀವಿ”

ಬಸುರಿಗೆ ಅಪೆಂಡಿಕ್ಸ್ ಆಪರೇಷನ್ ಬೇಕು ಎಂದರೆ ಮನೆಯವರ ಮೊದಲ ಮಾತು ಇದೇ. ಹೆರಿಗೆಗೆ ಇನ್ನೂ ಮೂರು ತಿಂಗಳಿರುತ್ತದೆ. ಊದಿದ ಅಪೆಂಡಿಕ್ಸ್ ಮೂರು ದಿನ ಕಾಯುತ್ತದೆ ಅನ್ನುವ ಭರವಸೆಯೂ ಇರುವುದಿಲ್ಲ.

ಆರು ತಿಂಗಳ ಬಸುರಿಯೊಬ್ಬರು ಬಂದಿದ್ದರು. ಗ್ಯಾಸ್ಟ್ರಿಕ್ ಅಂತ ಎರಡು ದಿನ ಓಮದ ಕಷಾಯ ಕುಡಿಸಿದ್ದರು. ಅದಕ್ಕೆ ಬೈಯಲಾರೆ. ಬಸುರಿನಲ್ಲಿ ವಾಂತಿ ಮಾಮೂಲು, ರಕ್ತದಲ್ಲಿ ಬಿಳಿ ಕಣ ಏರುವುದೂ ಮಾಮೂಲು. ಗರ್ಭಕೋಶ ಬೆಳೆದಂತೆ ಅಪೆಂಡಿಕ್ಸ್ ಮೇಲಕ್ಕೆ ಸರಿದು ನೋವಿನ ಜಾಗವೂ ಬದಲಾಗಬಹುದು. ನಾವೇ ತಡಕಾಡುತ್ತೇವೆ. ಸ್ಕ್ಯಾನ್‌ನಲ್ಲಿ ಸರಿಯಾಗಿ ಕಾಣದಿದ್ದರೆ ಎಂಆರ್‌ಐ ಮಾಡಿಸುತ್ತೇವೆ.

ಲ್ಯಾಪ್ರೋಸ್ಕೋಪಿ ಮಾಡೋಣ ಎಂದೆ, ಅಂದರೆ ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಸಲಕರಣೆ ಹಾಕಿ ಮಾಡುವ ಆಪರೇಷನ್. ಅವರ ಅತ್ತೆ ಕೇಳಿದರು: “ಹೊಟ್ಟೆಗೆ ಗ್ಯಾಸ್ ತುಂಬ್ತೀರಂತೆ, ಮಗೂಗೆ ಉಸಿರು ಕಟ್ಟಲ್ವಾ?”

ಚೀಟಿಯ ಹಿಂದೆ ಚಿತ್ರ ಬರೆದೆ. ಮಗು ಇರುವುದು ಗರ್ಭಕೋಶದೊಳಗೆ, ನೀರಿನ ಚೀಲದಲ್ಲಿ. ಗ್ಯಾಸ್ ತುಂಬುವುದು ಅದರ ಹೊರಗೆ. ನಮ್ಮ ಸಲಕರಣೆ ಗರ್ಭಕೋಶದೊಳಕ್ಕೆ ಹೋಗುವುದೇ ಇಲ್ಲ. ಮಗುವಿಗೆ ಉಸಿರು ಸಿಗುವುದು ಹೊಕ್ಕುಳಬಳ್ಳಿಯಿಂದ, ಅಂದರೆ ತಾಯಿಯ ರಕ್ತದಿಂದ. ಹಾಗಾಗಿ ಅರಿವಳಿಕೆ ವೈದ್ಯರ ಕಣ್ಣು ತಾಯಿಯ ಆಮ್ಲಜನಕ, ಬಿಪಿ, ಅವಳು ಹೊರಬಿಡುವ ಕಾರ್ಬನ್ ಡೈಆಕ್ಸೈಡ್ ಮೇಲೇ ಇರುತ್ತದೆ. ಗ್ಯಾಸಿನ ಒತ್ತಡ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ಪಾದರಸ. ಜೋರಾಗಿ ಕೆಮ್ಮಿದರೆ ಆ ಕ್ಷಣಕ್ಕೆ ಹೊಟ್ಟೆಯೊಳಗೆ ಇದಕ್ಕಿಂತ ಜಾಸ್ತಿ ಏರುತ್ತದೆ. ತಾಯಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸುತ್ತೇವೆ, ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಿರಲಿ ಅಂತ. ಗರ್ಭಕೋಶದ ಎತ್ತರ ನೋಡಿ ರಂಧ್ರದ ಜಾಗವನ್ನೂ ಮೇಲಕ್ಕೆ ಸರಿಸುತ್ತೇವೆ. ಆಪರೇಷನ್‌ಗೆ ಮೊದಲೂ ಆಮೇಲೂ ಮಗುವಿನ ಎದೆಬಡಿತ ನೋಡುತ್ತೇವೆ.

ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ ಮಗು ಕಳೆದುಕೊಳ್ಳುವುದು ಸ್ವಲ್ಪ ಹೆಚ್ಚು ಎಂದ ಹಳೆಯ ಅಧ್ಯಯನಗಳೂ ಇವೆ. ಈಗಿನ ಮಾರ್ಗಸೂಚಿಗಳು ಬಸುರಿನ ಯಾವ ತಿಂಗಳಲ್ಲೂ ಮಾಡಬಹುದು ಎನ್ನುತ್ತವೆ. ಆದರೂ ಎಂಟು ಒಂಬತ್ತು ತಿಂಗಳಲ್ಲಿ ಒಳಗೆ ಜಾಗ ಕಡಿಮೆ, ಕೆಲವರಿಗೆ ಹೊಟ್ಟೆ ತೆರೆದು ಮಾಡುವುದೇ ಸರಿ. ಅದು ನಿಮ್ಮ ಸರ್ಜನ್ ನಿರ್ಧಾರ.

ಇಷ್ಟು ಹೇಳಿದರೂ ಜನ ಅಳೆಯುವುದು ಆಪರೇಷನ್ ಅಪಾಯ ಒಂದನ್ನೇ. ತಕ್ಕಡಿಯ ಇನ್ನೊಂದು ತಟ್ಟೆ ಕಾಣುವುದೇ ಇಲ್ಲ. ನಾವು ಓದಿಕೊಂಡು ಬಂದ ಲೆಕ್ಕ ಹೀಗಿದೆ: ಅಪೆಂಡಿಕ್ಸ್ ಒಡೆಯದಿದ್ದರೆ ಮಗು ಕಳೆದುಕೊಳ್ಳುವವರು 100ಕ್ಕೆ 3ರಿಂದ 5, ಒಡೆದರೆ 20ಕ್ಕೂ ಮೇಲೆ. ವರದಿಯಿಂದ ವರದಿಗೆ ಅಂಕಿ ಬದಲಾಗುತ್ತದೆ, ಅಂತರ ಮಾತ್ರ ಅಳಿಸುವುದಿಲ್ಲ.

ಆ ಮನೆಯವರು ಸಹಿ ಹಾಕಿದ್ದು ರಾತ್ರಿ ಹನ್ನೊಂದಕ್ಕೆ. ನಾನು ಮಧ್ಯಾಹ್ನದಿಂದ ಕೇಳುತ್ತಿದ್ದೆ. ಒಳಗೆ ನೋಡಿದಾಗ ಅಪೆಂಡಿಕ್ಸ್ ತುದಿ ಕಪ್ಪಾಗಿತ್ತು, ಇನ್ನೂ ಒಡೆದಿರಲಿಲ್ಲ. ಮಗು ದಿನ ತುಂಬಿಯೇ ಹುಟ್ಟಿತು. ಅತ್ತೆ ಮಾತ್ರ ಈಗಲೂ ಅದು ಗ್ಯಾಸ್ಟ್ರಿಕ್ಕೇ ಅನ್ನುತ್ತಾರೆ.